ಬಾಗಿಲು ತೆರೆಯುವ ಹೊತ್ತು

ಓಬವ್ವ ಕೂರುತ್ತಿದ್ದ ಕುರ್ಚಿಯಲ್ಲಿ ಕೂತ ಮೇಲೆ, ಅಲ್ಲಿ ಕೂತವರಿಗೆ ಎತ್ತ ನೋಡಬೇಕೆಂಬುದೇ ತಿಳಿಯುವುದಿಲ್ಲ ಎನ್ನುವುದು ಆಕಿಬ್‌ಗೆ ಮೊದಲ ಸಲ ಗೊತ್ತಾಯಿತು. ಕಂಪ್ಯೂಟರಿನ ಪರದೆಯ ನಡುವೆ ಒಂದು ನೀಲಿ ಬಳೆ ಸುತ್ತುತ್ತಿತ್ತು, ಅಷ್ಟೆ. ತಲೆ ಎತ್ತಿದರೆ ಗಾಜಿನಾಚೆ ಬೆಂಚಿನ ಮೇಲೆ ಜನ, ಎಲ್ಲರೂ ರಕ್ತ ಕೊಡಲು ಬರಿಹೊಟ್ಟೆಯಲ್ಲಿ ಬಂದವರು. ಜಗಳೂರಿನ ಸುತ್ತಲ ಹಳ್ಳಿಗಳಿಂದ ಮೊದಲ ಬಸ್ಸಿಗೆ ಬಂದಿಳಿದ ಸಕ್ಕರೆ ಕಾಯಿಲೆಯವರು, ಗಂಡನ ಹೆಗಲಿಗೆ ಒರಗಿದ ಬಸುರಿ, ಬಾಯಿ ಒಣಗಿ ತುಟಿ ನೆಕ್ಕಿಕೊಳ್ಳುತ್ತಿದ್ದ ಒಬ್ಬ ಮುದುಕಿ. ಕಂಪ್ಯೂಟರಿನಲ್ಲಿ ಹೆಸರು ಬರೆದು ಚೀಟಿ ತೆಗೆದು ಕೊಳವೆಗೆ ಅಂಟಿಸುವ ತನಕ ಯಾರ ರಕ್ತವನ್ನೂ ತೆಗೆಯುವಂತಿಲ್ಲ. ಆ ಅಪ್ಲಿಕೇಶನ್ನನ್ನು ಕಟ್ಟಿದವನು ಆಕಿಬನೇ. ಅದು ತೆರೆಯುತ್ತಿರಲಿಲ್ಲ. ಅವನು ಮೌಸನ್ನು ಸುಮ್ಮನೆ ಅತ್ತಿತ್ತ ಆಡಿಸಿದ, ಕೆಲಸ ನಡೆಯುತ್ತಿದೆ ಎಂದು ಗಾಜಿನಾಚೆಯವರಿಗೆ ಕಾಣಲಿ ಎಂದು. ಹಾಗೆ ಆಡಿಸುವಾಗ ಓಬವ್ವನೂ ದಿನಾ ಹೀಗೇ ಆಡಿಸುತ್ತಿದ್ದಿರಬೇಕು ಎನ್ನಿಸಿ ಕೈ ನಿಂತಿತು. "ಏನ್ರೀ, ಹೊಸಬ್ರು ಬಂದ್ರೂ ಇದೇ ಕತೆ ಏನು?" ಎಂದು ಬಸುರಿಯ ಗಂಡ ಕೇಳಿದ. ಆಕಿಬ್ ನಗಲು ನೋಡಿದ. ಆ ನಗು ತನ್ನ ಅಪ್ಪನದು ಎಂದು ಅವನಿಗೆ ತಿಳಿದಿತ್ತು.

ಹಿಂದಿನ ವಾರ ಚನ್ನಗಿರಿಯ ಕಚೇರಿಯಲ್ಲಿ ಅವನು ಗುರುಸ್ವಾಮಿಯವರ ಬಲಗಡೆ ಕೂತಿದ್ದ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರುಗಳಲ್ಲಿ ರಕ್ತ ಪರೀಕ್ಷೆಯ ಕೇಂದ್ರ ನಡೆಸುವ ಗುರುಸ್ವಾಮಿ ಒಮ್ಮೆಯೂ ದನಿ ಎತ್ತಿದವರಲ್ಲ. ಎದುರಿಗೆ, ಕೂತುಕೋ ಎಂದು ಯಾರೂ ಹೇಳದ್ದರಿಂದ ನಿಂತೇ ಇದ್ದಳು, ಜಗಳೂರಿನಲ್ಲಿ ಹೆಸರು ಬರೆಯುವ ಓಬವ್ವ. ಜಗಳೂರಿನ ಕೇಂದ್ರದಲ್ಲಿ ಹನುಮಣ್ಣನೆಂಬ ಮುದುಕ ಹಸಿವಿನಲ್ಲಿ ಕಾದು ಕಾದು ತಲೆ ತಿರುಗಿ ಬಿದ್ದಿದ್ದ, ಬೆಂಚಿನ ಅಂಚು ಹಣೆಗೆ ಬಡಿದು ರಕ್ತ ಸುರಿದಿತ್ತು. ಅವನ ಮಗ ಬಂದು ಗಾಜು ಒಡೆಯುವುದೊಂದು ಬಾಕಿ. ಯಾವ ಕೇಂದ್ರವನ್ನು ಯಾರು ಎಷ್ಟು ಹೊತ್ತಿಗೆ ತೆರೆದರು ಎಂಬುದು ಅಪ್ಲಿಕೇಶನ್ನಿನಲ್ಲೇ ದಾಖಲಾಗುತ್ತದೆ. ಮೂರು ಊರಿನವರದೂ ಸರಿಯಾದ ಹೊತ್ತಿತ್ತು, ಓಬವ್ವನದು ಮಾತ್ರ ದಿನವೂ ತಡ. "ನಾನು ಬಾಗ್ಲು ತೆಗೆಯೋ ಹೊತ್ತಿಗೆ ಕಸ ಹೊಡೆಯೋಳೂ ಬಂದಿರಲ್ಲ ಸಾರ್. ಅದು ತಿರುಗತಾನೇ ಇರತೈತೆ, ನಾನೇನು ಮಾಡ್ಲಿ" ಎಂದಳು ಓಬವ್ವ. ಗುರುಸ್ವಾಮಿ ಆಕಿಬನ ಕಡೆ ತಿರುಗಿ, "ಸಿಸ್ಟಮ್ಮಿನ ತೊಂದ್ರೆ ಇರಬೌದೇನಪ್ಪ?" ಎಂದು ಮೆತ್ತಗೆ ಕೇಳಿದರು. "ಇಲ್ಲ ಸಾರ್, ಉಳಿದ ಮೂರು ಕಡೆ ಚೆನ್ನಾಗೇ ಐತೆ" ಎಂದ ಆಕಿಬ್. ಸುಳ್ಳಲ್ಲ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಅಂದೇ ಓಬವ್ವನ ಕೆಲಸ ಹೋಯಿತು, ಹೊಸಬರು ಬರುವ ತನಕ ಅವಳ ಕುರ್ಚಿ ಅವನ ಪಾಲಿಗೆ ಬಂತು. ಆದರೆ ಈಗ, ಬಳೆ ಸುತ್ತುತ್ತಿರುವಾಗ, ಆ ಉತ್ತರ ಬಂದ ವೇಗ ಅವನಿಗೆ ನೆನಪಾಯಿತು. ಪ್ರಶ್ನೆ ಮುಗಿಯುವ ಮೊದಲೇ ಬಾಯಿ ತೆರೆದಿತ್ತು. ಓಬವ್ವ ಅವನನ್ನು ನೋಡಿದ್ದಳೋ ಇಲ್ಲವೋ ಅವನಿಗೆ ತಿಳಿಯದು, ಯಾಕೆಂದರೆ ಅವನು ಅವಳನ್ನು ನೋಡಿರಲಿಲ್ಲ.

ರಕ್ತ ತೆಗೆಯುವ ಅರ್ಪಿತಾ ಕೈಗವಸು ಹಾಕಿಕೊಂಡು ಒಳಬಾಗಿಲಲ್ಲಿ ನಿಂತಿದ್ದಳು. "ದಿನಾ ಹಿಂಗೇ ಸಾರ್" ಎಂದಳು, ಹೊಸತೇನನ್ನೂ ಹೇಳದವಳ ಹಾಗೆ. "ಓಬವ್ವಕ್ಕ ಬಂದು ಕುಂತಿರ್ತಿದ್ಲು. ಇದು ಬರ್ತಿರಲಿಲ್ಲ."

"ಮತ್ತೆ ಆವಾಗ್ಲೇ ಹೇಳಬೇಕಿತ್ತಲ್ಲ?"

"ನನ್ನ ಯಾರು ಕೇಳಿದ್ರು?"

ಆಮೇಲೆ ಯಾರೋ ದಯೆ ತೋರಿಸಿದಂತೆ ಪರದೆ ತೆರೆಯಿತು, ಹೆಸರುಗಳನ್ನು ಬರೆಯುವ ಜಾಗ ಬಂತು. ಅವನು ತಲೆ ಬಗ್ಗಿಸಿ ಬರೆಯತೊಡಗಿದ. ತುಟಿ ಒಣಗಿದ ಮುದುಕಿ ತನ್ನ ಹೆಸರು ಅಂಜಿನಮ್ಮ ಎಂದಾಗ ಅವನಿಗೆ ಕೇಳಿಸದೆ ಮತ್ತೆ ಕೇಳಿದ, ಮತ್ತೂ ಒಮ್ಮೆ ಕೇಳಿದ. ಅವಳು ಬೇಸರವಿಲ್ಲದೆ ಮೂರು ಸಲವೂ ಹೇಳಿದಳು.

ಜನ ಖಾಲಿಯಾದ ಮೇಲೆ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದ. ಅಪ್ಲಿಕೇಶನ್ ಇರುವುದು ಒಂದೇ ಕಡೆ, ನಾಲ್ಕೂ ಊರಿನವರು ಇಂಟರ್ನೆಟ್ಟಿನಲ್ಲಿ ಅದನ್ನೇ ತೆರೆಯುತ್ತಾರೆ. ರಾತ್ರಿ ಯಾರೂ ಮುಟ್ಟದಿದ್ದಾಗ ಅದು ತಾನಾಗಿ ಮಲಗುತ್ತದೆ, ಬೆಳಿಗ್ಗೆ ಮೊದಲು ಯಾರು ಒತ್ತುತ್ತಾರೋ ಅವರಿಗಾಗಿ ಏಳುತ್ತದೆ. ಹಳ್ಳಿಯ ಬಸ್ಸುಗಳು ಬೇಗ ಬರುವುದರಿಂದ ಜಗಳೂರಿನ ಬಾಗಿಲು ಎಲ್ಲರಿಗಿಂತ ಮುಂಚೆ ತೆರೆಯುತ್ತದೆ. ಅಂದರೆ ಅದನ್ನು ಎಬ್ಬಿಸುವುದು ದಿನವೂ ಓಬವ್ವನ ಪಾಲು, ಉಳಿದ ಮೂರು ಊರಿನವರು ಎದ್ದು ಕೂತ ಅಪ್ಲಿಕೇಶನ್ನಿಗೆ ನಮಸ್ಕಾರ ಹಾಕುವವರು. ಇಷ್ಟು ಸಣ್ಣ ವಿಷಯ ತನಗೆ ಹೊಳೆದಿರಲಿಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಗಲಿಲ್ಲ, ಕಿವಿ ಬಿಸಿಯಾಯಿತು. ಆದರೂ ಏಳುವುದಕ್ಕೆ ಅಷ್ಟು ಹೊತ್ತು ಯಾಕೆ? ಅವನ ಲ್ಯಾಪ್‌ಟಾಪಿನಲ್ಲಿ ಪ್ರಯೋಗಕ್ಕೆಂದು ಇಟ್ಟುಕೊಂಡ ನಕಲು ಕಣ್ಣು ಮಿಟುಕಿಸುವಷ್ಟರಲ್ಲಿ ಏಳುತ್ತಿತ್ತು. ಏಳುವಾಗಿನ ಪ್ರತಿ ಹೆಜ್ಜೆಯೂ ತಾನು ಮುಗಿದೆನೆಂದು ಸಾರಿ ಹೇಳುವ ಹಾಗೆ ಅಲ್ಲಲ್ಲಿ ಒಂದೊಂದು ಸಾಲು ಸೇರಿಸಿ, ಜನ ಬಳಸುವ ಅಪ್ಲಿಕೇಶನ್ನನ್ನೇ ಮಲಗಿಸಿ ಎಬ್ಬಿಸಿದ. ಸಾಲುಗಳು ಓಡಿಬಂದವು. ರೋಗಿಗಳ ಹೆಸರು ಆಯಿತು, ಪರೀಕ್ಷೆಗಳು ಆದವು, ಚೀಟಿ ಮುದ್ರಿಸುವುದು ಆಯಿತು. ಮೊಬೈಲಿಗೆ ಮೆಸೇಜ್ ಕಳಿಸುವಲ್ಲಿ ಬಂದು ನಿಂತಿತು. ರಿಪೋರ್ಟ್ ಬಂತೆಂದು ರೋಗಿಗಳಿಗೆ ಮೆಸೇಜ್ ಕಳಿಸಲು ಮೊದಲು ಒಂದು ಕಂಪನಿ ಇತ್ತು, ಅದು ಮುಚ್ಚಿಹೋಗಿ ಇನ್ನೊಂದು ಬಂದಿತ್ತು. ಹೊಸದನ್ನು ಸೇರಿಸಿದವನು ಆಕಿಬ್. ಹಳೆಯದನ್ನು ತೆಗೆ ಎಂದು ಯಾರೂ ಹೇಳಿರಲಿಲ್ಲ, ಅವನೂ ತೆಗೆದಿರಲಿಲ್ಲ. ಪ್ರತಿ ಬೆಳಿಗ್ಗೆ ಅಪ್ಲಿಕೇಶನ್ ಏಳುವಾಗ ಮುಚ್ಚಿದ ಆ ಕಂಪನಿಯನ್ನು ಕರೆಯುತ್ತಿತ್ತು, ಉತ್ತರಕ್ಕೆ ಕಾಯುತ್ತಿತ್ತು, ಬಾರದಿದ್ದರೆ ಮತ್ತೆ ಕರೆಯುತ್ತಿತ್ತು, ಕೊನೆಗೆ ಆಸೆ ಬಿಟ್ಟ ಮೇಲಷ್ಟೇ ತನ್ನ ಬಾಗಿಲು ತೆರೆಯುತ್ತಿತ್ತು. ಅವನ ಲ್ಯಾಪ್‌ಟಾಪಿನಲ್ಲಿ ಮೆಸೇಜ್ ಕಳಿಸುವ ಭಾಗವನ್ನೇ ಅವನು ಆರಿಸಿಟ್ಟಿದ್ದ. ನಿಜವಾದ ರೋಗಿಗಳಿಗೆ ತಪ್ಪಿ ಮೆಸೇಜ್ ಹೋಗದಿರಲಿ ಎಂದು.

ಸಿಕ್ಕ ಕ್ಷಣದಲ್ಲಿ ಅವನಿಗೆ ಆದದ್ದು ಸಂತೋಷ. ಅದನ್ನು ಅವನು ಆಮೇಲೆ ಎಷ್ಟು ಸಲ ತಿರುಗಿಸಿ ನೋಡಿದರೂ ಅದು ಸಂತೋಷವೇ ಆಗಿತ್ತು, ಕಳೆದ ಬೀಗದ ಕೈ ಜೇಬಿನಲ್ಲೇ ಸಿಕ್ಕವನದು. ನಾಲ್ಕು ಸಾಲು ಅಳಿಸಿದ. ಮಲಗಿಸಿ ಎಬ್ಬಿಸಿದ. ಒತ್ತುವಷ್ಟರಲ್ಲಿ ತೆರೆಯಿತು. ಮತ್ತೆ ಎಬ್ಬಿಸಿದ, ಅದರ ರುಚಿಗಾಗಿಯೇ. ಆಮೇಲೆ ಎದುರಿನ ಮೊಳೆಗೆ ಓಬವ್ವ ಬಿಟ್ಟುಹೋದ ಸ್ವೆಟರ್ ನೇತಾಡುತ್ತಿರುವುದು ಕಂಡು, ಅವನು ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದ.

ಗುರುಸ್ವಾಮಿಯವರಿಗೆ ಫೋನ್ ಮಾಡಿ ಹೇಳಿದ. "ಸಿಕ್ತು ಸಾರ್. ನಮ್ಮ ಸಿಸ್ಟಮ್ಮಿಂದೇ ತೊಂದ್ರೆ. ಓಬವ್ವಕ್ಕ ತಡವಾಗಿ ಬರ್ತಿರಲಿಲ್ಲ."

"ಈಗ ಸರಿ ಆತಾ?"

"ಆತು ಸಾರ್."

"ಒಳ್ಳೇದು. ನೀನು ಮಾಡ್ತೀಯ ಅಂತ ನಂಗೆ ಗೊತ್ತಿತ್ತು." ಆಮೇಲೆ ದನಿಯನ್ನು ಇನ್ನಷ್ಟು ತಗ್ಗಿಸಿದರು. "ಇದನ್ನ ಈಗ ಯಾರ ಮುಂದೆನೂ ಎತ್ತಬ್ಯಾಡ. ಆ ಮುದುಕಪ್ಪನ ಮಗ ಈಗ ತಾನೇ ತಣ್ಣಗಾಗ್ಯಾನೆ. ಸಿಸ್ಟಮ್ಮೇ ಸರಿ ಇರಲಿಲ್ಲ ಅಂದ್ರೆ, ನಾಳೆ ರಿಪೋರ್ಟೂ ಸರಿ ಇಲ್ಲ ಅಂತಾನೆ. ಜನ ನಂಬೋದು ಬಿಟ್ರೆ ನಾಲ್ಕೂ ಸೆಂಟರ್ ಮುಚ್ಚಿಕೊಂಡು ಕೂರಬೇಕಾಗತೈತೆ. ಓಬವ್ವಂಗೆ ಬೇರೆ ಎಲ್ಲಾದ್ರೂ ಹೇಳಿ ನೋಡೋಣ ಬಿಡು."

"ಹೂಂ ಸಾರ್."

ಹೂಂ ಎಂದದ್ದು ತಾನಲ್ಲ, ಗಂಟಲು ಎಂದು ಅವನಿಗೆ ಅನ್ನಿಸಿತು. ಹೊನ್ನಾಳಿಯಲ್ಲಿ ಅವನ ಅಪ್ಪ ಬುಡನ್‌ಸಾಬ್ ಗಾದಿ ಹೊಲಿಯುತ್ತಿದ್ದವನು. ಒಮ್ಮೆ ಲಾಡ್ಜೊಂದರ ಗಾದಿಗಳು ಮುಗ್ಗಲು ಹಿಡಿದವು, ಲಾಡ್ಜಿನವರದೇ ಉಗ್ರಾಣ ಸೋರಿದ್ದರಿಂದ. ಮಾಲೀಕ ನಾಲ್ಕು ಜನರ ಮುಂದೆ ಹಸಿ ಹತ್ತಿ ತುಂಬಿದ್ದೀಯ ಎಂದಾಗ ಅಪ್ಪ "ಹೌದ್ರೀ, ನೋಡ್ತೀನ್ರೀ" ಎಂದು ಗಾದಿಗಳನ್ನೆಲ್ಲ ತಳ್ಳುಗಾಡಿಗೆ ಹೇರಿಕೊಂಡ. ದಾರಿಯುದ್ದಕ್ಕೂ ಗಾಡಿ ತಳ್ಳಿಕೊಂಡು ಬಂದ ಆಕಿಬ್, ನೀವು ಯಾಕೆ ಹೌದು ಅಂದಿರಿ ಎಂದು ಕೇಳಿದ್ದಕ್ಕೆ ಅಪ್ಪ, ನಾಳೆಯೂ ಅದೇ ಬೀದಿಯಲ್ಲಿ ಓಡಾಡಬೇಕಲ್ಲ ಎಂದಿದ್ದ. ಅಪ್ಪನ ಹಾಗೆ ಆಗಬಾರದೆಂದೇ ಆಕಿಬ್ ದಾವಣಗೆರೆಯಲ್ಲಿ ಓದಿದ್ದು. ಓದಿ, ಗುರುಸ್ವಾಮಿಯವರ ಬಲಗಡೆಯ ಕುರ್ಚಿಗೆ ಬಂದಿದ್ದ. ಅಪ್ಪ ಹೌದು ಅಂದಾಗ ನಷ್ಟ ಅಪ್ಪನದೇ ಆಗಿತ್ತಲ್ಲ, ಎನ್ನುವ ಯೋಚನೆ ಬಂದು ಅವನು ಕೋಣೆಯಲ್ಲೇ ಎರಡು ಸುತ್ತು ಹಾಕಿದ. ಕೋಣೆ ಎರಡು ಸುತ್ತಿಗಿಂತ ಹೆಚ್ಚು ಹಾಕುವಷ್ಟು ದೊಡ್ಡದಿರಲಿಲ್ಲ.

ಮರುದಿನ ಓಬವ್ವನ ಜಾಗಕ್ಕೆ ಚೈತ್ರಶ್ರೀ ಎಂಬ ಹುಡುಗಿ ಬಂದಳು. ಕುರ್ಚಿ ಎಳೆದು ಕೂತು ಗುಂಡಿ ಒತ್ತಿದಳು, ಪರದೆ ತೆರೆಯಿತು. ಬೆಂಚಿನ ಮೇಲಿನವರು ಎದ್ದು ಸಾಲು ಮಾಡುವ ಮೊದಲೇ ಮೊದಲ ಚೀಟಿ ಹೊರಬಂತು. "ನೋಡ್ರಿ, ಮಾಡೋರು ಮಾಡಿದ್ರೆ ಹೆಂಗೆ ಆಗತೈತೆ" ಎಂದು ಯಾರೋ ಅಂದರು. ಚೈತ್ರಶ್ರೀ ನಾಚಿಕೊಂಡು ನಕ್ಕಳು. ಅವಳ ಹಿಂದೆ ನಿಂತಿದ್ದ ಆಕಿಬ್‌ಗೆ, ತಾನು ನಿನ್ನೆ ಸರಿಮಾಡಿದ್ದು ಏನನ್ನು ಎಂಬುದು ಆಗ ಪೂರ್ತಿ ತಿಳಿಯಿತು. ಓಬವ್ವ ಹೋದಳು, ತಡವೂ ಹೋಯಿತು. ನೋಡಿದವರು ಇನ್ನೇನು ತಿಳಿದುಕೊಳ್ಳಬೇಕು? ಅವನು ರಿಪೇರಿ ಮಾಡದಿದ್ದಿದ್ದರೆ ಚೈತ್ರಶ್ರೀಯೂ ತಡವಾಗುತ್ತಿದ್ದಳು, ಒಂದು ವಾರದಲ್ಲಿ ಸತ್ಯ ತಾನಾಗಿ ಹೊರಬೀಳುತ್ತಿತ್ತು. ತನ್ನ ಕೈಯಾರೆ ಅವನು ಓಬವ್ವನ ಮೇಲಿನ ಆರೋಪಕ್ಕೆ ಮೊಹರು ಒತ್ತಿದ್ದ. ಹಳೆಯ ಸಾಲುಗಳನ್ನು ಮತ್ತೆ ಸೇರಿಸಿಬಿಡಲೇ ಎಂದು ಒಂದು ಕ್ಷಣ ಯೋಚಿಸಿದ. ಬೆಂಚಿನ ಮೇಲೆ ಆ ಹೊತ್ತಿಗೆ ಒಂದು ಎಳೆ ಮಗು ಹಸಿವಿಗೆ ಅಳುತ್ತಿತ್ತು. ಸ್ವಲ್ಪ ಹೊತ್ತಿಗೆ ಕೇಂದ್ರಗಳ ವಾಟ್ಸಾಪ್ ಗುಂಪಿನಲ್ಲಿ ಗುರುಸ್ವಾಮಿಯವರ ಮೆಸೇಜ್ ಬಂತು: ಜಗಳೂರು ಇಂದು ಸರಿಯಾದ ಸಮಯಕ್ಕೆ ತೆರೆದಿದೆ, ಮನಸ್ಸಿದ್ದರೆ ಎಲ್ಲವೂ ಸಾಧ್ಯ, ಹೊಸ ಸಿಬ್ಬಂದಿಗೆ ಅಭಿನಂದನೆ. ಹೊನ್ನಾಳಿಯವರು ಹೆಬ್ಬೆಟ್ಟು ಎತ್ತಿದರು, ನ್ಯಾಮತಿಯವರು ಕೈ ಮುಗಿದರು. ಗುಂಪಿನಲ್ಲಿ ಓಬವ್ವನ ಹೆಸರೂ ಇನ್ನೂ ಇತ್ತು, ತೆಗೆಯುವುದು ಯಾರಿಗೂ ನೆನಪಾಗಿರಲಿಲ್ಲ. ಅವಳು ಓದಿದಳೆಂದು ಫೋನು ತೋರಿಸಿತು. ಆಕಿಬ್ ಫೋನನ್ನು ಜೇಬಿಗಿಟ್ಟ. ತೆಗೆದ. ಎಲ್ಲರೂ ಹಾಕಿ ತಾನೊಬ್ಬ ಹಾಕದಿದ್ದರೆ ಕಾಣುತ್ತದಲ್ಲ ಎಂದು ಹೆಬ್ಬೆಟ್ಟು ಒತ್ತಿದ.

ಒತ್ತಿದ ಮೇಲೆ ಅವನಿಗೆ ಕೂರಲಾಗಲಿಲ್ಲ. ಚನ್ನಗಿರಿಗೆ ಹೊರಡಬೇಕಿತ್ತು, ಚೀಲ ಹೆಗಲಿಗೆ ಹಾಕಿಕೊಂಡ. ಸ್ವೆಟರ್ ಕೊಟ್ಟು ಬರುತ್ತೇನೆಂದು ಅರ್ಪಿತಾಳ ಹತ್ತಿರ ಓಬವ್ವನ ಮನೆ ಕೇಳಿಕೊಂಡು ಬಸ್‌ಸ್ಟ್ಯಾಂಡಿನ ವಿರುದ್ಧ ದಿಕ್ಕಿಗೆ ನಡೆದ. ನಡೆಯುವಾಗ ಹೇಳಬೇಕಾದದ್ದನ್ನು ಜೋಡಿಸಿಕೊಳ್ಳುತ್ತಿದ್ದ. ನಿಮ್ಮ ತಪ್ಪಿಲ್ಲ ಎನ್ನುವುದು, ನನಗೆ ಗೊತ್ತಾಗಿದೆ ಎನ್ನುವುದು, ಬೇರೆ ಕೆಲಸಕ್ಕೆ ಗುರುಸ್ವಾಮಿ ಸರ್ ಹೇಳುತ್ತಾರೆ ಎನ್ನುವುದು. ಇಷ್ಟು ಹೇಳಿದರೆ ತನ್ನ ಎದೆಯ ಮೇಲಿನದು ಇಳಿಯುತ್ತದೆ, ಚನ್ನಗಿರಿಗೆ ಬಸ್ಸು ಹತ್ತಬಹುದು. ಇದು ಯಾರಿಗಾಗಿ ಎಂದು ಯಾರೂ ಕೇಳುವವರಿರಲಿಲ್ಲ.

ಓಬವ್ವ ಹೊಸ್ತಿಲಲ್ಲಿ ಕೂತು ಕೂಲಿಗೆ ತಂದ ಶೇಂಗಾ ಸುಲಿಯುತ್ತಿದ್ದಳು. ಅವನನ್ನು ಕಂಡು ಏಳಲಿಲ್ಲ. ಕೇಂದ್ರದಲ್ಲಿದ್ದಾಗ ಸಾರ್ ಎನ್ನುತ್ತಿದ್ದವಳು, "ಬಾ ತಮ್ಮ, ಕುಂದ್ರು" ಎಂದು ಪಕ್ಕದ ಚಾಪೆ ತೋರಿಸಿದಳು. ಅವನು ಸ್ವೆಟರ್ ಕೊಟ್ಟ, ಜೋಡಿಸಿಕೊಂಡದ್ದನ್ನು ಹೇಳಿದ. ಹಳೆಯ ಕಂಪನಿಯ ವಿಷಯ ಹೇಳಿದ, ಅಪ್ಲಿಕೇಶನ್ ದಿನವೂ ಅದಕ್ಕಾಗಿ ಕಾಯುತ್ತಿದ್ದದ್ದನ್ನು ಹೇಳಿದ. ಅವಳ ಹೆಬ್ಬೆರಳು ಸಿಪ್ಪೆ ಒಡೆಯುವುದನ್ನು ನಿಲ್ಲಿಸಲಿಲ್ಲ. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸರು ಮಾತು ನಿಲ್ಲಿಸಿ ಇತ್ತ ನೋಡಿದರು.

"ನಾನು ಎಷ್ಟೊತ್ತಿಗೆ ಹೋಗ್ತಿದ್ದೆ ಅಂತ ನಂಗೆ ಗೊತ್ತಿಲ್ಲೇನು?" ಎಂದಳು ಓಬವ್ವ. "ಅದನ್ನ ನಂಗ್ಯಾಕೆ ಹೇಳಾಕೆ ಬಂದೀಯ?"

ಅವನು ಚಾಪೆಯ ಮೇಲೆ ಬಿದ್ದಿದ್ದ ಸಿಪ್ಪೆಯೊಂದನ್ನು ಎತ್ತಿಕೊಂಡ.

"ಮುದುಕನ್ನ ಬೀಳಿಸಿದೋಳು ಅಂತಾರೆ ನನ್ನ. ನೀರಿಗೆ ಹೋದ್ರೆ ಅವ್ರೆಲ್ಲ ಸುಮ್ಮನಾಗ್ತಾರೆ, ಈಗ ಆದ್ರಲ್ಲ, ಹಂಗೆ. ನಿಂಗೆ ಹೇಳಬೇಕು ಅಂತಿದ್ರೆ ಹೇಳೋ ಜಾಗ ಬ್ಯಾರೆ ಐತೆ." ಅವಳು ಮಡಿಲಿನ ಸಿಪ್ಪೆ ಕೊಡವಿ ಎದ್ದಳು. "ನಡಿ."

ಬಸ್ಸಿಗೆ ಹೊತ್ತಾಯಿತು ಎನ್ನಲು ಅವನು ಬಾಯಿ ತೆರೆದ. ಅವಳಾಗಲೇ ಬೀದಿಗಿಳಿದಿದ್ದಳು.

ಹನುಮಣ್ಣನ ಮನೆ ಮುಂದಿನ ಓಣಿಯಲ್ಲೇ ಇತ್ತು. ತಗ್ಗಾದ ಬಾಗಿಲು, ಒಳಗೆ ಹೋದ ಮೇಲೆ ಕಣ್ಣಿಗೆ ಕತ್ತಲೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಹಣೆಗೆ ಪಟ್ಟಿ ಹಾಕಿಕೊಂಡ ಹನುಮಣ್ಣ ಮಂಚದ ಮೇಲೆ ಕೂತಿದ್ದ. ಮಗ ತಿಪ್ಪೇಶ ಓಬವ್ವನನ್ನು ಕಂಡು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದ. "ಇವ್ರು ಸೆಂಟರ್‌ನ ಕಂಪ್ಯೂಟರ್ ಮಾಡಿದೋರು. ಏನೋ ಹೇಳ್ತಾರಂತೆ, ಕೇಳ್ರಿ" ಎಂದು ಓಬವ್ವ ಗೋಡೆಗೆ ಒರಗಿ ನಿಂತಳು, ಬಾಗಿಲಿಗೆ ಅಡ್ಡವಾಗಿ. ಬೇಕೆಂದೇ ಹಾಗೆ ನಿಂತಳೋ, ಇದ್ದ ಜಾಗವೇ ಅಷ್ಟೋ. ಆಕಿಬ್ ಹೇಳಿದ. ತೊದಲುತ್ತಲೇ ಹೇಳಿದ. ತಾನು ಹಳೆಯದನ್ನು ತೆಗೆಯದೆ ಬಿಟ್ಟದ್ದು, ಅದರಿಂದ ಬೆಳಿಗ್ಗೆ ತಡವಾಗುತ್ತಿದ್ದದ್ದು, ಓಬವ್ವಕ್ಕ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದದ್ದು, ಕೇಳಿದಾಗ ತಾನು ಸಿಸ್ಟಮ್ ಸರಿ ಇದೆ ಎಂದದ್ದು. ಹೇಳುತ್ತ ಹೋದಂತೆ ಚೀಲದ ಪಟ್ಟಿ ಹೆಗಲಿನಿಂದ ಜಾರಿತು, ಆದರೂ ಮಾತು ತಾನಾಗಿ ಬರುತ್ತಿತ್ತು.

ತಿಪ್ಪೇಶ ಬೈಯಲಿಲ್ಲ. ಕೈ ತೊಳೆದು ಒರೆಸಿಕೊಂಡು ಫೋನ್ ತೆಗೆದು ಎದುರಿಗೆ ಹಿಡಿದ. "ಇನ್ನೊಂದ್ಸಲ ಹೇಳ್ರಿ. ಇಲ್ಲಿ ನೋಡಿ ಹೇಳ್ರಿ."

ಫೋನಿನ ಕಪ್ಪು ಕಣ್ಣು ನೋಡಿ ಆಕಿಬ್ ಗಂಟಲು ಸರಿಮಾಡಿಕೊಂಡ. "ನಮ್ಮ ಸಿಸ್ಟಮ್‌ನಲ್ಲಿ ಒಂದು ತಾಂತ್ರಿಕ ತೊಂದರೆ ಉಂಟಾಗಿತ್ತು. ಅದರಿಂದ ಸಾರ್ವಜನಿಕರಿಗೆ ಅನಾನುಕೂಲ ಆಗಿದೆ. ಈಗ ಅದನ್ನು ಸರಿಪಡಿಸಲಾಗಿದೆ." ಹೇಳಿ ಮುಗಿಸಿದಾಗ ತನ್ನ ದನಿ ಸರಾಗವಾಗಿತ್ತೆಂದು ಅವನಿಗೇ ಕೇಳಿಸಿತು. ಅದು ಗುರುಸ್ವಾಮಿಯವರ ದನಿ.

"ಮದ್ಲು ನೀನು ಹಂಗಂದಿರಲಿಲ್ಲ" ಎಂದಳು ಓಬವ್ವ.

ಫೋನು ಹಾಗೇ ಎದುರಿಗಿತ್ತು.

"ಮದ್ಲು ನನ್ನ ಹೆಸರಿತ್ತು. ನಿಂದೂ ಇತ್ತು. ಈಗ ಯಾರ ಹೆಸರೂ ಇಲ್ಲ. ಹಂಗಾದ್ರೆ ಈ ಯಜಮಾನ್ರು ಯಾರಿಂದ ಬಿದ್ರು?"

"ಬಿಡವ್ವ, ಹೇಳಿದ್ರಲ್ಲ" ಎಂದ ಹನುಮಣ್ಣ ಮಂಚದಿಂದ, ದಣಿದ ದನಿಯಲ್ಲಿ. "ನಂಗೆ ತಲಿ ತಿರುಗಿದ್ದು ತಿರುಗಿತು."

"ಬಿಡಾಕೆ ಆಗಲ್ಲ ಯಜಮಾನ್ರೆ" ಎಂದಳು ಅವಳು.

ಆಕಿಬ್ ಮತ್ತೆ ಹೇಳಿದ. ನಾನು ಆಕಿಬ್, ಹೊನ್ನಾಳಿಯವನು, ಎಂದು ಶುರುಮಾಡಿದ. ಈ ಸಲ ಮಾತು ತಾನಾಗಿ ಬರಲಿಲ್ಲ. ಒಂದೊಂದು ಶಬ್ದವನ್ನೂ ಎತ್ತಿ ಇಡಬೇಕಾಯಿತು. ಓಬವ್ವಕ್ಕ ಎನ್ನುವಾಗ ಅವಳ ಮುಖ ನೋಡಿದ. ಚನ್ನಗಿರಿಯಲ್ಲಿ ನೋಡದೆ ಬಿಟ್ಟ ಮುಖ ಅದು. ಅಲ್ಲಿ ಕ್ಷಮೆ ಇರಲಿಲ್ಲ, ಕೋಪವೂ ಇರಲಿಲ್ಲ. ಸರಿಯಾಗಿ ಹೇಳುತ್ತಾನೋ ಇಲ್ಲವೋ ಎಂದು ಕಾಯುವ ಎಚ್ಚರ ಮಾತ್ರ ಇತ್ತು.

ತಿಪ್ಪೇಶ ಆ ವಿಡಿಯೋವನ್ನು ಗುರುಸ್ವಾಮಿಯವರಿಗೆ ಕಳಿಸಿ, ಅಲ್ಲಿಂದಲೇ ಫೋನ್ ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಹಿಡಿದ. ಗುರುಸ್ವಾಮಿ ಬೆಚ್ಚಲಿಲ್ಲ. "ನಮಗೂ ನಿನ್ನೆನೇ ಗೊತ್ತಾತು. ಆಯಮ್ಮನ್ನ ವಾಪಸ್ ಕರೀಬೇಕು ಅಂತಾನೇ ಇದ್ವಿ. ಅಲ್ಲೇ ಅದಾರೇನು? ಓಬವ್ವಾ, ಸೋಮವಾರದಿಂದ ಬಾರವ್ವ." ಅವಳು ಬೇಡ ಎನ್ನುತ್ತಾಳೆಂದು ಆಕಿಬ್ ಕಾದ. ಬೇಡ ಎಂದು ಆ ಫೋನಿನ ಮುಖಕ್ಕೆ ಹೊಡೆದಂತೆ ಹೇಳಿದರೆ ತನಗೂ ಉಸಿರಾಡಲು ಸ್ವಲ್ಪ ಜಾಗ ಸಿಗುತ್ತದೆ ಎಂದು ಕಾದ. "ಬರ್ತೀನಿ ಸಾರ್" ಎಂದಳು ಓಬವ್ವ. "ಗುಂಪಿನಾಗೆ ನೀವೇ ಬರೀರಿ, ನಂದು ತಪ್ಪಿರಲಿಲ್ಲ ಅಂತ. ಎಲ್ರೂ ಓದ್ಲಿ." ಬರೀತೀನಿ ಎಂದರು ಗುರುಸ್ವಾಮಿ. ಅವಳು ಸೆರಗು ಸರಿಮಾಡಿಕೊಂಡು ಬಾಗಿಲಿನಿಂದ ಸರಿದು ಹೊರಗೆ ಹೋದಳು. ಆಕಿಬನಿಗೆ ಏನನ್ನೂ ಹೇಳಲಿಲ್ಲ. ಶೇಂಗಾ ಸಂಜೆಯೊಳಗೆ ಸುಲಿದು ಕೊಡಬೇಕಿತ್ತು.

ಚನ್ನಗಿರಿಯ ದಾರಿಯಲ್ಲಿ ಮೊದಲು ಹತ್ತಬೇಕಾದ ದಾವಣಗೆರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಆದರೆ ಕಿಟಕಿಯ ಗಾಜು ಸಿಕ್ಕಿಹಾಕಿಕೊಂಡು ಸರಿಯುತ್ತಿರಲಿಲ್ಲ. ಊರು ದಾಟುವ ಮೊದಲೇ ಗುರುಸ್ವಾಮಿಯವರ ಫೋನ್ ಬಂತು. ಅವನು ಕೆಲಸ ಹೋಯಿತೆಂದೇ ತಿಳಿದು ಎತ್ತಿದ. ಹೋದರೆ ಹೋಗಲಿ ಎಂಬ ಒಂದು ಬಗೆಯ ಹಗುರವೂ ಆಗಲೇ ಎದೆಯಲ್ಲಿ ಏಳತೊಡಗಿತ್ತು.

"ಊಟ ಮಾಡಿದ್ಯೇನೋ?" ಎಂದರು ಗುರುಸ್ವಾಮಿ.

"ಇಲ್ಲ ಸಾರ್."

"ದಾವಣಗೆರಿಯಾಗೆ ಇಳಿದು ಮಾಡು. ನೋಡು, ನೀನು ಹೇಳಿದ್ದು ಒಂದು ಲೆಕ್ಕಕ್ಕೆ ಒಳ್ಳೇದೇ ಆತು. ತಪ್ಪಾದ್ರೆ ಮನೆ ಬಾಗಿಲಿಗೆ ಹೋಗಿ ಒಪ್ಕಂತಾರೆ ಅಂತ ಜನ ಅಂತಾರೆ. ನಾನೇ ನಿನ್ನ ಕಳಿಸಿದ್ದು ಅಂತ ಎಲ್ರಿಗೂ ಹೇಳ್ತೀನಿ. ಯಾರಾದ್ರೂ ಕೇಳಿದ್ರೆ ನೀನೂ ಹಂಗೇ ಹೇಳು. ಆತಾ?"

ಬಸ್ಸು ರಸ್ತೆಯ ಗುಂಡಿಗಿಳಿದು ಹಾರಿತು. ಮುಂದಿನ ಸೀಟಿನ ಕಂಬಿಯನ್ನು ಅವನು ಬಿಗಿಯಾಗಿ ಹಿಡಿದುಕೊಂಡ. ಹೂಂ ಎನ್ನುವುದು ಗಂಟಲಿನ ತನಕ ಬಂದು ನಿಂತಿತ್ತು. ಅದು ಅಲ್ಲೇ ಇರುವುದನ್ನು ಅವನು ಗಮನಿಸುತ್ತ ಕೂತ.

"ನೀವು ಕಳಿಸಿರಲಿಲ್ಲ ಸಾರ್" ಎಂದ. "ನಾನೂ ಹೋಗಿರಲಿಲ್ಲ. ಆಯಮ್ಮ ಕರಕೊಂಡು ಹೋದ್ಲು."

ಗುರುಸ್ವಾಮಿ ಸಿಟ್ಟಾಗುತ್ತಾರೆಂದು ಅವನು ಕಾದ. ಅವರು ನಿಧಾನವಾಗಿ ಉಸಿರು ಬಿಟ್ಟರು. "ನೀನಿಲ್ದೆ ಆ ಸಿಸ್ಟಮ್ ಯಾರಿಗೂ ತಿಳಿಯಲ್ಲ, ಅದು ನಿಂಗೂ ಗೊತ್ತು ನಂಗೂ ಗೊತ್ತು" ಎಂದರು. "ನಾಳೆ ನ್ಯಾಮತಿಗೆ ಹೋಗು. ಅಲ್ಲಿ ರಿಪೋರ್ಟ್ ಪ್ರಿಂಟ್ ಆಗ್ತಿಲ್ಲಂತೆ."

ಫೋನು ಕಡಿದ ಮೇಲೂ ಅವನು ಅದನ್ನು ಕಿವಿಯ ಹತ್ತಿರವೇ ಹಿಡಿದಿದ್ದ. ಪಕ್ಕದಲ್ಲಿ ಕೂತಿದ್ದ ಹೆಂಗಸು, ಗಾಳಿ ಬರುತ್ತಿಲ್ಲ, ಆ ಕಿಟಕಿ ಸ್ವಲ್ಪ ನೋಡ್ರಿ ಎಂದಳು. ಆಕಿಬ್ ಎದ್ದು ನಿಂತು, ಎರಡೂ ಕೈ ಹಚ್ಚಿ ಗಾಜನ್ನು ತಳ್ಳತೊಡಗಿದ.